ಒಂಬತ್ತನೆಯ ಆರೋಗ್ಯವಂತ

ಫೆಬ್ರವರಿ ೧೧

ಅಣ್ಣಾ,

ಕ್ಷೇಮ ಸಮಾಚಾರ ಆಮೇಲೆ. ಆರು ವರ್ಷದಿಂದ ನನ್ನ ಫೋನು ಎತ್ತದವನು ಈ ಕಾಗದವನ್ನಾದರೂ ಹರಿದು ಹಾಕಬೇಡ. ಹಳೆಯ ಜಗಳ ಮುಂದುವರಿಸಲು ಬರೆಯುತ್ತಿಲ್ಲ. ಎಂಟು ದಿನದ ಹಿಂದೆ ನನಗೊಂದು ವಿಷಯ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲಿಂದ ಹೇಳುತ್ತೇನೆ. "ನಿಮ್ಮ ತಂಗಿ ಕಣ್ಣಿನ ಡಾಕ್ಟರಾ?" ಎಂದು ಯಾರಾದರೂ ಕೇಳಿದರೆ "ಅಲ್ಲಪ್ಪ, ಕಣ್ಣಿನ ಪತ್ತೇದಾರಿ" ಎಂದು ನೀನು ನಗಿಸುತ್ತಿದ್ದೆ. ಸರಿಯಾಗಿಯೇ ಹೇಳುತ್ತಿದ್ದೆ. ಹೆತ್ತವರಿಂದ ಮಕ್ಕಳಿಗೆ ಇಳಿದು ಬರುವ ರೆಟಿನಾ ರೋಗಗಳ ಮೂಲ ಹುಡುಕುವುದೇ ನನ್ನ ಕೆಲಸ. ರೆಟಿನಾ ಎಂದರೆ ಕಣ್ಣಿನ ಹಿಂಬದಿಯ ತೆಳ್ಳನೆಯ ಪರದೆ. ಅದು ಸೊರಗುತ್ತ ಬಂದರೆ ಮೊದಲು ಮಬ್ಬು ಬೆಳಕಿನಲ್ಲಿ ಕಾಣುವುದಿಲ್ಲ. ಆಮೇಲೆ ಅಕ್ಕಪಕ್ಕದ ನೋಟ ಹೋಗುತ್ತದೆ. ಕೊಳವೆಯೊಳಗಿಂದ ನೋಡಿದಷ್ಟು ಉಳಿಯುತ್ತದೆ, ಕೊನೆಗೆ ಅದೂ ಮುಚ್ಚಿಕೊಳ್ಳುತ್ತದೆ.

ಇಪ್ಪತ್ತೇಳು ವರ್ಷದ ಹಿಂದೆ ಒಬ್ಬ ಟೈಲರ್ ಹೆಂಗಸಿನ ಮನೆಯ ಹನ್ನೊಂದು ಜನರ ರಕ್ತ ತಂದೆ. ಆ ಮನೆಯಲ್ಲಿ ಮೂರು ತಲೆಮಾರಿನಿಂದ ಈ ರೋಗ. ಅವರ ಜೊತೆ ಹೋಲಿಸಿ ನೋಡಲು ಕಣ್ಣು ಚೆನ್ನಾಗಿರುವವರ ರಕ್ತವೂ ಬೇಕಿತ್ತು. ನಾನಾಗ ವಿದ್ಯಾರ್ಥಿನಿ. ಸಿಕ್ಕಸಿಕ್ಕವರ ಕೈ ಹಿಡಿದೆ, ನಮ್ಮ ಮನೆಗೂ ಬಂದೆ. ಅಡುಗೆಮನೆಯ ಸ್ಟೂಲಿನ ಮೇಲೆ ನೀನು ತೋಳು ಮಡಚಿ ಕೂತಿದ್ದೆ. ನಿನಗಾಗ ಬಸ್ಸು ಓಡಿಸುವ ಕೆಲಸ ಸಿಕ್ಕಿ ಎರಡು ವರ್ಷ. "ಕಣ್ಣು ಚೆನ್ನಾಗಿ ಕಾಣುತ್ತಾ?" ಎಂದು ನಾನು ಕೇಳಿದೆ. "ಹದ್ದಿನ ಕಣ್ಣು ಕಣೇ! ಎದುರುಮನೆ ಕ್ಯಾಲೆಂಡರ್ ಓದಿ ಹೇಳ್ಲಾ?" ಎಂದೆ ನೀನು. ಓದಿಯೂ ಹೇಳಿದೆ. ಅಮ್ಮ ನಕ್ಕಳು. ನಾನು ಸೀಸೆಯ ಮೇಲೆ 'ಆರೋಗ್ಯವಂತ-೯' ಎಂದು ಬರೆದೆ.

ಆರು ವರ್ಷದ ನಂತರ ಟೈಲರ್ ಮನೆಯ ರೋಗಿಗಳೆಲ್ಲರಲ್ಲೂ ಒಂದೇ ಜೀನಿನಲ್ಲಿ ಒಂದೇ ಅಕ್ಷರ ತಪ್ಪಿರುವುದು ಕಂಡಿತು. ಕಾರಿಡಾರಿನಲ್ಲಿ ಕುಣಿದುಬಿಟ್ಟಿದ್ದೆ. ಮರುವಾರ ಆರೋಗ್ಯವಂತರ ನಲವತ್ತು ಸೀಸೆ ಪರೀಕ್ಷಿಸಿದಾಗ ಒಂದರಲ್ಲಿ ಅದೇ ತಪ್ಪು ಸಿಕ್ಕಿತು. ಒಂಬತ್ತನೆಯದು. ಕಣ್ಣು ಚೆನ್ನಾಗಿರುವವನಲ್ಲೂ ಇದೆ ಎಂದರೆ ಅದು ರೋಗಕ್ಕೆ ಕಾರಣವಾಗುವುದು ಹೇಗೆ? ನನ್ನ ಗುರುಗಳು ಆ ಜೀನಿನ ಮೇಲೆ ಅಡ್ಡಗೆರೆ ಎಳೆದರು. ಯಾವ ನಂಬರು ಯಾರದು ಎಂಬ ಪುಸ್ತಕ ಬೀರುವಿನಲ್ಲಿ ಬೀಗ ಹಾಕಿತ್ತು, ತೆಗೆಯುವ ಕಾರಣವೇ ಇರಲಿಲ್ಲ. ಇಪ್ಪತ್ತೊಂದು ವರ್ಷ ಬೇರೆ ಜೀನುಗಳನ್ನು ಜಾಲಾಡಿದೆ.

ಹೋದ ತಿಂಗಳು, ಹೊಸದಾಗಿ ಸೇರಿದ ವಿದ್ಯಾರ್ಥಿನಿಯೊಬ್ಬಳು ಹಳೆಯ ಕಾಗದಗಳನ್ನೆಲ್ಲ ಓದಿ ಬಂದು, "ಮೇಡಂ, ಈ ಒಂಬತ್ತನೆಯವರ ಕಣ್ಣನ್ನ ಯಾರಾದ್ರೂ ಪರೀಕ್ಷೆ ಮಾಡಿದಾರಾ?" ಎಂದಳು. ಹಳೆಯ ಕಡತ ತಿರುವಿದೆ. ಯಾರೂ ಮಾಡಿರಲಿಲ್ಲ. ಕೇಳಿದ್ದೆವು, ಅಷ್ಟೆ. ಸಂಸ್ಥೆಯ ಸಮಿತಿಯ ಒಪ್ಪಿಗೆ ಪಡೆದು ಬೀರು ತೆಗೆಸಿದೆ. ನನ್ನದೇ ಅಕ್ಷರದಲ್ಲಿ ನಿನ್ನ ಹೆಸರಿತ್ತು.

ಆಗಿನಿಂದ ಒಂದೇ ದೃಶ್ಯ ಕಣ್ಣ ಮುಂದೆ. ಆರು ವರ್ಷದ ಹಿಂದೆ ಅಮ್ಮನ ಅಂತ್ಯಕ್ರಿಯೆ ಮುಗಿಸಿ ಬಂದ ಸಂಜೆ ನೀನು ನೀರಿನ ಲೋಟಗಳ ತಟ್ಟೆ ಹಿಡಿದು ಮೆಟ್ಟಿಲ ಮೇಲಿಂದ ಬಿದ್ದೆ. ನೆಂಟರೆಲ್ಲರ ಎದುರು ನಾನು, "ಇವತ್ತೊಂದಿನ ಕುಡೀದೆ ಇರೋಕಾಗ್ಲಿಲ್ವಾ?" ಎಂದೆ. ನೀನು ಗಾಜಿನ ಚೂರು ಆರಿಸುತ್ತಿದ್ದೆ, ತಲೆ ಎತ್ತಲಿಲ್ಲ.

ಅಣ್ಣಾ, ಆವತ್ತು ನಿನಗೆ ಮೆಟ್ಟಿಲು ಕಾಣಲಿಲ್ಲವಾ?

ನಿನ್ನ
ಗುಬ್ಬಿ


ಮಾರ್ಚ್ ೨

ಪ್ರೀತಿಯ ಗುಬ್ಬಿಗೆ,

ನಿನ್ನ ಕಾಗದವನ್ನು ನಿನ್ನಣ್ಣನಿಗೆ ನಾನೇ ಓದಿ ಹೇಳಿದೆ. ಮೊದಲಿಂದಲೂ ಹಾಗೆಯೇ. ಜಗಳಕ್ಕೆ ಮುಂಚೆ ಈ ಮನೆಯಿಂದ ನಿನಗೆ ಬಂದ ಕಾಗದಗಳೆಲ್ಲ ನನ್ನ ಕೈಬರಹವೇ ಅಲ್ಲವಾ? "ಅಣ್ಣನಿಗೆ ಪೆನ್ನು ಹಿಡಿಯೋಕೂ ಸೋಮಾರಿತನ" ಎಂದು ನೀನು ಒಮ್ಮೆ ಬರೆದಿದ್ದೆ. ಆ ಸಾಲನ್ನು ನಾನು ಓದದೆ ದಾಟಿಸಿದ್ದೆ.

ಕೊನೆಯ ಸಾಲಿಗೆ ಬಂದಾಗ ಅವರು ಎದ್ದು ಹೊರಗೆ ಹೋದರು. ಹೊರಗೆ ಎಂದರೆ ಬಾಗಿಲವರೆಗೆ. ಚೌಕಟ್ಟು ಹಿಡಿದುಕೊಂಡು ನಿಂತರು. ಎರಡು ವಾರ ಕಳೆದರೂ ಆ ಬಗ್ಗೆ ತುಟಿ ಬಿಚ್ಚಿಲ್ಲ. ಅವರು ಉತ್ತರ ಕೊಡುವ ತನಕ ಕಾಯುವ ತಾಳ್ಮೆ ನನಗಿಲ್ಲ.

ಅವರ ಕಣ್ಣಿನ ವಿಷಯ ನನಗೆ ಗೊತ್ತಾಗಿ ಹದಿನೆಂಟು ವರ್ಷವಾಯಿತು. ಮದುವೆಯಾದ ಹೊಸದರಲ್ಲಿ ಸಿನಿಮಾ ಮಂದಿರದಲ್ಲಿ ದೀಪ ಆರಿದ ಕೂಡಲೇ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ಎಂಥ ಪ್ರೀತಿಯ ಗಂಡ ಎಂದು ಗೆಳತಿಯರ ಮುಂದೆ ಮೆರೆದಿದ್ದೆ! ಪ್ರೀತಿಯೂ ಇತ್ತು ಬಿಡು. ಇನ್ನು ಕುಡಿತದ ಮಾತು. ನಿನ್ನಣ್ಣ ಜನ್ಮದಲ್ಲಿ ಒಂದು ತೊಟ್ಟು ಕುಡಿದವರಲ್ಲ. ನೀನು ಅಂದ ಮಾತನ್ನು ನಾನು ಆವತ್ತೇ ನಿನ್ನ ಮುಖಕ್ಕೆ ಹೇಳಿ ತಿದ್ದಬೇಕಿತ್ತು. "ಸುಮ್ಮನಿರು" ಎಂದು ನನ್ನ ಮಣಿಕಟ್ಟು ಅದುಮಿದರು, ಸುಮ್ಮನಾದೆ.

ಈಗ ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ. ಇದು 'ಹೆತ್ತವರಿಂದ ಮಕ್ಕಳಿಗೆ ಇಳಿದು ಬರುತ್ತದೆ' ಎಂದು ಬರೆದಿದ್ದೀಯ. ಅದನ್ನು ಓದುವಾಗ ನನಗೆ ಮಗಳು ನೆನಪಾದಳು. ಚೂಟಿಗೆ ಈಗ ಇಪ್ಪತ್ನಾಲ್ಕು. ಅವಳು ಅಪ್ಪನ ಡಿಪೋದಲ್ಲೇ ಡ್ರೈವರ್ ಆಗಿ ಆಯ್ಕೆಯಾಗಿದ್ದಾಳೆ. ತರಬೇತಿ ನಡೆಯುತ್ತಿದೆ, ಜೂನಿನಿಂದ ಜನರನ್ನು ಕೂರಿಸಿಕೊಂಡು ಓಡಿಸುತ್ತಾಳೆ. ವೈದ್ಯಕೀಯ ಪರೀಕ್ಷೆ ಪಾಸಾಗಿದೆ, ಹಲಗೆಯ ಮೇಲಿನ ಕೊನೆಯ ಸಾಲಿನವರೆಗೂ ಓದಿದಳಂತೆ.

ಹೋದ ವಾರ ನಡುಮನೆಯಲ್ಲಿಟ್ಟಿದ್ದ ಬಕೆಟ್ಟನ್ನು ಎಡವಿ ಬಿದ್ದಳು. "ಯಾರಮ್ಮಾ ದಾರೀಲಿ ಇಟ್ಟಿದ್ದು?" ಎಂದು ನಕ್ಕಳು. ನಾನೂ ನಕ್ಕೆ. ಬಕೆಟ್ಟು ದಿನಾ ಇರುವ ಜಾಗದಲ್ಲೇ ಇತ್ತು, ಗುಬ್ಬಿ.

ನಿನ್ನ
ಅತ್ತಿಗೆ


ಮಾರ್ಚ್ ೯

ಅತ್ತಿಗೆ,

ನಿಮ್ಮ ಕಾಗದವನ್ನು ನಿಂತಲ್ಲೇ ಓದಿದೆ. ಆಮೇಲೆ ಯಾವುದೋ ಕುರ್ಚಿಯಲ್ಲಿ ಕೂತಿದ್ದೆ, ಅದು ಯಾರ ಕೋಣೆಯದೆಂದು ಆಮೇಲೆ ನೋಡಿದೆ.

ಬಕೆಟ್ಟು ಅವಳ ಎಡಕ್ಕಿತ್ತಾ ಬಲಕ್ಕಾ? ದೀಪ ಹಾಕಿತ್ತಾ? ಹಲಗೆ ಓದಿದ್ದಕ್ಕೆ ನೆಮ್ಮದಿ ಪಡಬೇಡಿ. ನೇರ ನೋಟ ಕೊನೆಯವರೆಗೂ ಉಳಿಯುತ್ತದೆ. ಅಣ್ಣನೂ ಕ್ಯಾಲೆಂಡರ್ ಓದಿದ್ದ.

ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಇರಬಹುದು, ಇಲ್ಲದೆಯೂ ಇರಬಹುದು. ನನಗೆ ಬಂದಿಲ್ಲ. ಹತ್ತನೆಯ ಸೀಸೆ ನನ್ನದೇ ಆಗಿತ್ತು. ಒಂದೇ ಮನೆ, ಒಂದೇ ತಟ್ಟೆಯಲ್ಲಿ ಉಂಡವರು. ಅವನಿಗೆ ಬಂತು, ನನಗೆ ಬರಲಿಲ್ಲ. ಇದನ್ನು ನಾನು ನೂರಾರು ಮನೆಯವರಿಗೆ ತಣ್ಣಗೆ ವಿವರಿಸಿದ್ದೇನೆ.

ಅವಳಿಗೆ ನಾನು ಹೇಳಲಾರೆ. ಅವಳಪ್ಪ ಹೇಳಬೇಕು. ಅವಳ ಬೆನ್ನ ಹಿಂದೆ ನಲವತ್ತು ಜನ ಕೂತಿರುತ್ತಾರೆ ಎಂದು ಅವನಿಗೆ ಹೇಳಿ. ಬೇರೇನೂ ಹೇಳಬೇಕಿಲ್ಲ.

ನಿಮ್ಮ
ಗುಬ್ಬಿ


ಏಪ್ರಿಲ್ ೬

ಗುಬ್ಬೀ,

ನಾನು ಹೇಳುತ್ತಿದ್ದೇನೆ, ನಿನ್ನತ್ತಿಗೆ ಬರೆಯುತ್ತಿದ್ದಾಳೆ. ನಡುವೆ ನಿಲ್ಲಿಸಿದರೆ ಅಳುತ್ತಿದ್ದಾಳೆ ಎಂದುಕೋ.

ನಿನ್ನ ಪ್ರಶ್ನೆಗೆ ಉತ್ತರ: ಕಾಣಲಿಲ್ಲ. ಆ ಮೆಟ್ಟಿಲು ಕಾಣಲಿಲ್ಲ, ಅದಕ್ಕೆ ಮುಂಚಿನ ಎಷ್ಟೋ ಮೆಟ್ಟಿಲುಗಳೂ ಕಾಣಲಿಲ್ಲ. ನೀನು ರಕ್ತ ತೆಗೆದ ದಿನವೇ ನನಗೆ ಅನುಮಾನವಿತ್ತು. ಕ್ಯಾಲೆಂಡರ್ ಓದಿದ್ದು ಸುಳ್ಳಲ್ಲ. ಆದರೆ ಓದುವಾಗ ಪಕ್ಕದಲ್ಲಿ ನೀನು ಹಿಡಿದಿದ್ದ ಸೂಜಿ ಕಂಡಿರಲಿಲ್ಲ. ಚುಚ್ಚಿದಾಗಲೇ ಗೊತ್ತಾಗಿದ್ದು. ಕೆಲಸ ಸಿಕ್ಕಿ ಎರಡು ವರ್ಷ, ತಂಗಿಯ ಪುಸ್ತಕದಲ್ಲಿ 'ಕಣ್ಣು ಸರಿಯಿಲ್ಲ' ಎಂದು ಬರೆಸಿಕೊಂಡರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ಹೆದರಿದೆ. ಒಂದು ತೊಟ್ಟು ರಕ್ತದಿಂದ ಏನಾದೀತು ಎಂದುಕೊಂಡೆ. ನಿನ್ನ ಇಪ್ಪತ್ತೊಂದು ವರ್ಷ ಹೋಗುತ್ತದೆಂದು ಕನಸಿನಲ್ಲೂ ತಿಳಿದಿರಲಿಲ್ಲ ಕಣೇ.

ಬಿಸಿಲಿರುವಾಗ ಮಾತ್ರ ಓಡಿಸುವಂತೆ ಪಾಳಿ ಬದಲಿಸಿಕೊಳ್ಳುತ್ತಿದ್ದೆ. ಡಿಪೋದಲ್ಲಿ ನನಗೆ 'ಸೂರ್ಯಕಾಂತಿ' ಎಂದು ಹೆಸರಿಟ್ಟಿದ್ದರು. ನಾನೂ ಅವರ ಜೊತೆ ನಗುತ್ತಿದ್ದೆ. ಹನ್ನೊಂದನೆಯ ವರ್ಷ ಒಂದು ದಿನ ಮೋಡ ಕವಿದಿತ್ತು. ಬದಲಿ ಡ್ರೈವರ್ ಬರಲಿಲ್ಲ, ಸಂಜೆಯ ಸುತ್ತೂ ನನ್ನ ತಲೆಗೆ ಬಂತು. ಮಾರುಕಟ್ಟೆಯ ತಿರುವಿನಲ್ಲಿ ಕಂಡಕ್ಟರ್ "ಹಿಡಿ, ಹಿಡಿ!" ಎಂದು ಕಿರುಚಿದ. ಬ್ರೇಕ್ ತುಳಿದೆ. ಎಡಗಡೆ ಚೀಲ ಹಿಡಿದ ಹೆಂಗಸು, ಬಸ್ಸಿಗೂ ಅವಳಿಗೂ ನಡುವೆ ಒಂದು ಗೇಣು. ಅವಳು ಬಸ್ಸಿನ ಮೈಗೆ ರಪ್ಪನೆ ಬಾರಿಸಿ, "ಕಣ್ಣು ಕಾಣ್ಸಲ್ವೇನೋ ನಿಂಗೆ?" ಎಂದು ಕೂಗಿದಳು. ನನ್ನನ್ನು ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಮರುದಿನ ಬೀಗದ ಕೈ ಒಪ್ಪಿಸಿ ಬೆನ್ನುನೋವು ಎಂದೆ.

ಆಮೇಲೆ ದೂರದ ಆಸ್ಪತ್ರೆಗೆ ಹೋಗಿ ತೋರಿಸಿದೆ. ವಂಶದ್ದು, ಮದ್ದಿಲ್ಲ ಎಂದರು. ಹೊರಗೆ ಬಂದಾಗ ಅಪ್ಪ ನೆನಪಾದ. ಗೋದಾಮಿನ ಮೆಟ್ಟಿಲಿಂದ ಬಿದ್ದು ಸತ್ತಾಗ ಅವನೂ ಕುಡಿದಿದ್ದ ಎಂದೇ ಜನ ಹೇಳಿದ್ದು. ಅಮ್ಮ ಅವನ ಬಾಯಿಯ ಹತ್ತಿರ ಮೂಗು ಹಿಡಿದು ನೋಡಿ "ವಾಸನೆ ಇಲ್ಲ, ವಾಸನೆ ಇಲ್ಲ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ನೀನಾಗ ಚಿಕ್ಕವಳು.

ನಿನಗೇಕೆ ಹೇಳಲಿಲ್ಲ? ನೀನು ಅದೇ ರೋಗದ ವಿಜ್ಞಾನಿ. ಪೇಪರಿನಲ್ಲಿ ನಿನ್ನ ಫೋಟೋ ಬಂದಿತ್ತು. ನಿನ್ನ ಮುಂದೆ ಬಂದು 'ಆವತ್ತು ಸುಳ್ಳು ಹೇಳಿದೆ' ಎನ್ನಲು ಬಾಯಿ ಬರಲಿಲ್ಲ. ಇನ್ನೊಂದು ಕಾರಣವೂ ಇದೆ. ಕುಡುಕ ಎಂದರೆ ಜನ ನಾಳೆ ಬಿಟ್ಟಾನು ಎನ್ನುತ್ತಾರೆ. ಕುರುಡು ವಂಶ ಎಂದರೆ ಚೂಟಿಯನ್ನು ಯಾರು ಕೇಳುತ್ತಾರೆ? ನೀನು ಕುಡುಕ ಎಂದಾಗ ನಾಚಿಕೆಯಾಯಿತು, ಹಾಗೆಯೇ ನೆಮ್ಮದಿಯೂ ಆಯಿತು. ಬಚ್ಚಿಟ್ಟುಕೊಳ್ಳಲು ಒಂದು ಜಾಗ ಸಿಕ್ಕಿತಲ್ಲ ಎಂದು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವ ಗಾದೆ ನಿನಗಾಗಿಯೇ ಹುಟ್ಟಿದೆ ಬಿಡು. ಆದರೆ ಆ ಕೂಸು ಉಸಿರು ಬಿಗಿಹಿಡಿದು ಸುಮ್ಮನಿತ್ತು. ತಪ್ಪು ನಿನ್ನದೊಂದೇ ಅಲ್ಲ.

ನಿನ್ನೆ ಮಧ್ಯಾಹ್ನ ಊಟದ ನಂತರ ಚೂಟಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ. "ಹೀಗಿದ್ದೂ ಎಷ್ಟು ವರ್ಷ ಓಡಿಸ್ದೆ ಅಪ್ಪಾ?" ಹನ್ನೊಂದು ಎಂದೆ. ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಆಮೇಲೆ ನನ್ನ ಜೊತೆ ಮಾತಿಲ್ಲ.

ನಿನ್ನ
ಅಣ್ಣ


ಮೇ ೧೪

ಪ್ರೀತಿಯ ಅತ್ತೆಗೆ,

ನಿಮ್ಮಲ್ಲಿಂದ ಮನೆಗೆ ಬಂದು ಐದು ದಿನವಾಯಿತು. ನಿಮ್ಮ ಪ್ರಯೋಗಾಲಯದಲ್ಲಿ ಹೇಳಲಾಗದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನಿಮ್ಮ ಕತ್ತಲೆ ಕೋಣೆಯಲ್ಲಿ ಅರ್ಧ ಗಂಟೆ ಕೂರಿಸಿ, ಚುಕ್ಕಿ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಬೇಕು ಎಂದಿರಲ್ಲ, ಮೊದಮೊದಲು ನಾನು ಅಂದಾಜಿನ ಮೇಲೆ ಒತ್ತಿದೆ. ಡಿಪೋದ ಪರೀಕ್ಷೆಯಲ್ಲೂ ಹಾಗೆಯೇ ಮಾಡಿದ್ದೆ. ಅಲ್ಲಿನ ಡಾಕ್ಟರು ಬದಿಯಲ್ಲಿ ಬೆರಳಾಡಿಸಿ "ಎಷ್ಟಮ್ಮಾ?" ಎಂದರು. ನಾನು ಕತ್ತು ಚೂರು ಹೊರಳಿಸಿ ನೋಡಿ ಹೇಳಿದೆ, ಅವರು ಗಮನಿಸಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಿಂದ ನನಗೆ ಸಂಜೆ ಹೊತ್ತು ಸರಿಯಾಗಿ ಕಾಣುತ್ತಿಲ್ಲ ಅತ್ತೆ. ಸತ್ವ ಕಮ್ಮಿ ಎಂದುಕೊಂಡು ಕ್ಯಾರೆಟ್ ತಿಂದೆ.

ನಿಮ್ಮ ಕೋಣೆಯಲ್ಲಿ ಅರ್ಧ ದಾರಿಯಲ್ಲಿ ಅಂದಾಜು ನಿಲ್ಲಿಸಿದೆ. ಕಂಡಾಗ ಮಾತ್ರ ಒತ್ತಿದೆ. ಎಷ್ಟು ಹೊತ್ತು ಒತ್ತಲೇ ಇಲ್ಲ ನಾನು! ಯಂತ್ರ ಕೆಟ್ಟಿರಬೇಕು ಎಂದು ನಿಮ್ಮನ್ನು ಕರೆದೆ. "ಕೆಟ್ಟಿಲ್ಲ ಪುಟ್ಟಾ" ಎಂದಿರಿ. ರಕ್ತದ ಫಲಿತಾಂಶ ಬರುವ ಮೊದಲೇ ನನಗೆ ಆ ಮಾತಿನಲ್ಲಿ ಗೊತ್ತಾಯಿತು. ಆದರೂ 'ಇದೆ' ಎಂದು ನೀವು ಹೇಳಿದಾಗ ಮೈಮೇಲೆ ತಣ್ಣೀರು ಸುರಿದ ಹಾಗಾಯಿತು.

ಐದು ವಾರ ಅಪ್ಪನ ಮೇಲೆ ಕುದಿಯುತ್ತಿದ್ದೆ. ಹನ್ನೊಂದು ವರ್ಷ ಜನರ ಪ್ರಾಣದ ಜೊತೆ ಆಡಿದನಲ್ಲ ಎಂದು. ಮೊನ್ನೆ ಅವರ ಪಕ್ಕ ಹೋಗಿ ಕೂತೆ. "ಬೈದುಬಿಡು, ಚೂಟಿ" ಎಂದರು. ಯಾವ ಬಾಯಲ್ಲಿ ಬೈಯಲಿ? ತರಬೇತಿ ಬಸ್ಸಿನಲ್ಲಿ ಹನ್ನೆರಡು ಜನ ಕೂತಿದ್ದಾಗ ನಾನು ಸಂಜೆ ಎರಡು ಸಲ ಓಡಿಸಿದ್ದೇನೆ. ಒಂದು ಸಲ ಸೈಕಲ್ಲಿನವನೊಬ್ಬ ಎಲ್ಲಿಂದಲೋ ಉದುರಿದ ಹಾಗೆ ಮುಂದೆ ಬಂದಿದ್ದ. ಅಪ್ಪನಿಗೆ ಅದನ್ನು ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು.

ನಿನ್ನೆ ಸಮವಸ್ತ್ರ ಹಿಂದಿರುಗಿಸಿ ಬಂದೆ. ಮ್ಯಾನೇಜರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಅಪ್ಪನ ಜೊತೆ ಕಂಡಕ್ಟರ್ ಆಗಿದ್ದವರು. "ಹಾಗಾದ್ರೆ ನಿಮ್ಮಪ್ಪನ ಬೆನ್ನುನೋವು?" ಎಂದರು. "ಇದೇ ಸಾರ್" ಎಂದೆ. ಅವರು ಸಮವಸ್ತ್ರವನ್ನು ಮೇಜಿನ ಪಕ್ಕಕ್ಕೆ ಸರಿಸಿದರು. "ಆವತ್ತು ಮಾರುಕಟ್ಟೆ ತಿರುವಿನಲ್ಲಿ ಕಿರುಚಿದ್ದು ನಾನೇ ಕಣಮ್ಮ" ಎಂದರು.

ನನಗೀಗ ಏನು ಮಾಡಬೇಕೆಂದು ತೋಚುತ್ತಿಲ್ಲ. ಬಸ್ಸು ಬಿಟ್ಟು ಬೇರೇನೂ ನಾನು ಬಯಸಿದವಳಲ್ಲ.

ನಿಮ್ಮ
ಚೂಟಿ


ಜುಲೈ ೧೯

ಅಣ್ಣಾ,

ನೀನು ಬರೆಸಿ ಕಳಿಸಿದ ಒಪ್ಪಿಗೆ ಸಿಕ್ಕಿತು. 'ಡ್ರೈವರ್ ಸುಳ್ಳು ಹೇಳಿದ ಎಂದೇ ಹಾಕು' ಎಂದಿದ್ದೀಯ. ಹಾಗೆ ಹಾಕಲಿಲ್ಲ. ನನ್ನ ಹಳೆಯ ಲೇಖನಕ್ಕೆ ತಿದ್ದುಪಡಿ ಬರೆದು ವಿಜ್ಞಾನ ಪತ್ರಿಕೆಗೆ ಕಳಿಸಿದ್ದೇನೆ. ಆರೋಗ್ಯವಂತ ಎಂದು ದಾಖಲಿಸಿದ ಒಬ್ಬರ ಕಣ್ಣನ್ನು ಸಂಶೋಧಕಿ ಪರೀಕ್ಷಿಸಿರಲಿಲ್ಲ, ಅವರಿಗೆ ರೋಗವಿತ್ತು, ಕೈಬಿಟ್ಟ ಜೀನೇ ಕಾರಣ. ನಾಲ್ಕು ಸಾಲು. ನನ್ನ ವಿದ್ಯಾರ್ಥಿನಿಯ ಹೆಸರನ್ನು ಮೊದಲು ಹಾಕಿದೆ.

ಆದರೆ ನಾಲ್ಕು ಸಾಲಿಗೆ ಮುಗಿಯಲಿಲ್ಲ. ಮೊನ್ನೆ ಟೈಲರಮ್ಮನ ಮನೆಗೆ ಹೋಗಿದ್ದೆ. ಆಕೆಗೀಗ ಐವತ್ತೆಂಟು, ಏನೂ ಕಾಣುವುದಿಲ್ಲ. ಮುಂಬಾಗಿಲ ಕೋಣೆಯಲ್ಲಿ ಕೂತು ಬೆರಳಿನ ಅಳತೆಯಲ್ಲೇ ಅಂಗಿಗಳಿಗೆ ಕಾಜ ಹೊಲಿಯುತ್ತಾರೆ. ಜೊತೆಗೆ ಆಕೆಯ ತಂಗಿ ಇದ್ದಾಳೆ. ಅವಳಿಗೆ ನಲವತ್ಮೂರು. ಅವಳ ಕಣ್ಣನ್ನು ನಾನು ಪ್ರತಿವರ್ಷ ಪರೀಕ್ಷಿಸಿ "ಈವರೆಗೆ ಸರಿಯಿದೆ" ಎನ್ನುತ್ತಿದ್ದೆ. ಈ ರೋಗ ಒಬ್ಬೊಬ್ಬರಿಗೆ ಒಂದೊಂದು ವಯಸ್ಸಿಗೆ ಬರುತ್ತದೆ, ಈಚೆಗೆ ಆ ಮನೆಯಲ್ಲಿ ಐವತ್ತು ದಾಟಿ ಬಂದದ್ದೂ ಇದೆ. ಹಾಗಾಗಿ ಅದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಅವಳು ಅಂಗಡಿಗಳ ಬೋರ್ಡು ಬರೆಯುತ್ತಿದ್ದವಳು. ಇಪ್ಪತ್ತೆರಡಕ್ಕೆ ಬಣ್ಣ, ಕುಂಚ ಎಲ್ಲ ಕೊಟ್ಟುಬಿಟ್ಟಳು. ಬಂದ ಸಂಬಂಧಕ್ಕೆ ಬೇಡ ಎಂದಳು. ಬರಲಿರುವ ಕುರುಡುತನಕ್ಕೆ ತಯಾರಾಗಲು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಡುಗೆ ಕಲಿತಳು. ಕೋಲು ಹಿಡಿದು ರಸ್ತೆ ದಾಟುವುದು ಕಲಿತಳು. ಬೆರಳಿನಲ್ಲಿ ಓದುವ ಬ್ರೈಲ್ ಕಲಿತಳು.

ಹೊಸ ಪರೀಕ್ಷೆಯ ಫಲಿತಾಂಶ ಹಿಡಿದು ಹೋಗಿದ್ದೆ. ಅವಳಿಗೆ ಅದು ಇಲ್ಲ, ಅಣ್ಣಾ. ಯಾವತ್ತೂ ಇರಲಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ನಾನು ನಿನ್ನ ಕಣ್ಣಿಗೆ ಒಮ್ಮೆ ದೀಪ ಹಿಡಿದು ನೋಡಿದ್ದರೆ ಆ ವಾರವೇ ಅವಳಿಗೆ ಹೇಳಬಹುದಿತ್ತು.

ಹೇಳಿದೆ. ಅವಳು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಳು. "ಏನಂದ್ರಿ?" ಎಂದಳು. ಮತ್ತೊಮ್ಮೆ ಹೇಳಿದೆ. ಗೋಡೆಗೆ ಒರಗಿ ಹಾಗೆಯೇ ನೆಲಕ್ಕೆ ಜಾರಿ ಕೂತಳು. "ಕಣ್ಣು ಮುಚ್ಕೊಂಡು ಬದುಕೋದು ಕಲ್ತಾಯ್ತಲ್ಲ ಮೇಡಂ, ಈಗ ತೆರಿ ಅಂತೀರಾ?" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಟೈಲರಮ್ಮ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟು, "ಇಷ್ಟು ತಡ ಯಾಕಾಯ್ತು?" ಎಂದರು. ನಿಜ ಹೇಳುವುದೆಂದು ಮೊದಲೇ ನಿರ್ಧರಿಸಿಕೊಂಡು ಹೋಗಿದ್ದೆ. ಒಂಬತ್ತನೆಯ ಸೀಸೆಯ ಕತೆ ಹೇಳಿದೆ. ಅದು ನನ್ನ ಅಣ್ಣನದು ಎಂದೂ ಹೇಳಿದೆ. ಆಕೆ ಹೊಲಿಯುತ್ತಿದ್ದ ಅಂಗಿಯನ್ನು ಮಡಚಿಟ್ಟರು. ಆಮೇಲೆ, "ನಿಮ್ಮ ಮಾತನ್ನ ನಾವು ದೇವರ ಮಾತು ಅಂತ ನಂಬಿದ್ವಿ. ಎದ್ದು ಹೋಗಿ ಮೇಡಂ" ಎಂದರು.

ಎದ್ದೆ. ಹೊಸಿಲು ದಾಟುವಾಗ ಹಿಂದಿನಿಂದ ತಂಗಿ ಕೇಳಿದಳು.

"ನಿಮ್ಮಣ್ಣನಿಗೆ ಮಕ್ಕಳಿದಾರಾ?"

"ಒಬ್ಳು ಮಗಳು."

"ಅವಳಿಗೆ?"

"ಇದೆ. ಇಪ್ಪತ್ನಾಲ್ಕು ವರ್ಷ. ಬಸ್ಸು ಓಡಿಸ್ಬೇಕು ಅಂತಿದ್ಳು."

ಅವಳು ನೆಲದಿಂದ ಎದ್ದು ಬಂದು ನನ್ನೆದುರು ನಿಂತಳು. ನನ್ನ ಮುಖವನ್ನು ದಿಟ್ಟಿಸಿ ನೋಡಿದಳು. ಅಷ್ಟು ವರ್ಷ ನಾನೇ ಅವಳ ಕಣ್ಣೊಳಗೆ ನೋಡುತ್ತಿದ್ದೆ, ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

"ಕಳಿಸಿ ಅವಳನ್ನ" ಎಂದಳು. "ಸೂಜಿಗೆ ದಾರ ಪೋಣಿಸೋದು, ಕುದಿಯೋ ಪಾತ್ರೆ ಇಳಿಸೋದು, ಜನ 'ಅಯ್ಯೋ ಪಾಪ' ಅಂದಾಗ ಏನನ್ನಬೇಕು ಅನ್ನೋದು, ಎಲ್ಲ ಬರುತ್ತೆ ನಂಗೆ. ನನಗಿನ್ನು ಅದು ಬೇಕಾಗಲ್ಲ ಅಂತ ಈಗ ತಾನೆ ನೀವೇ ಹೇಳಿದ್ರಿ. ಕಣ್ಣು ಇನ್ನೂ ಇದ್ದಾಗ್ಲೇ ಕಲಿಯೋಕೆ ಶುರು ಮಾಡಿದ್ರೆ ಅವಳಿಗೆ ಸಲೀಸು."

ನಾನು ಕೈ ಮುಗಿಯಲು ಹೋದೆ.

"ನಿಮ್ಮನ್ನ ಕರೀತಿಲ್ಲ" ಎಂದಳು. "ಅವಳನ್ನ ಕರೀತಿದೀನಿ."

ಚೂಟಿಯನ್ನು ಕೇಳು. ಒಪ್ಪಿದರೆ ಬರುವ ಸೋಮವಾರ ಹತ್ತು ಗಂಟೆಯ ಬಸ್ಸಿಗೆ ಹತ್ತಿಸು. ನಿಲ್ದಾಣದಲ್ಲಿ ನಾನಿರುತ್ತೇನೆ. ಆ ಬೀದಿಯ ತಿರುವಿನವರೆಗೆ ಜೊತೆಗೆ ಹೋಗುತ್ತೇನೆ, ಅಲ್ಲಿಂದ ಮುಂದಕ್ಕೆ ಅವಳೊಬ್ಬಳೇ ಹೋಗಲಿ. ಅವಳು ಹೊರಗೆ ಬರುವ ತನಕ ನಾನು ತಿರುವಿನಲ್ಲೇ ನಿಂತಿರುತ್ತೇನೆ.

ನಿನ್ನ ತಂಗಿ
ಗುಬ್ಬಿ